ಚೇಳು ಸಾಕುವ ಹುಡುಗರಿಗೂ ಅವರ ಹಿರಿಯರಿಗೂ

ಬೆಳೆಗಾರರ ಪತ್ರಿಕೆಯಲ್ಲಿ ಕಾಂಡಕೊರಕ, ಕೊಳೆರೋಗ, ಗೊಬ್ಬರದ ಬೆಲೆ ಇವುಗಳ ನಡುವೆ ಚೇಳಿನ ಮಾತೇಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಕಾರಣವಿದೆ. ಹಿಂದೆ ಹುಡುಗರು ಚೇಳು ಕಂಡರೆ ಕಲ್ಲೆತ್ತಿ ಹಾಕುತ್ತಿದ್ದರು. ಈಗ ಕೆಲವರು ಅದನ್ನು ಶೀಶೆಯಲ್ಲಿಟ್ಟು ಸಾಕುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಚೇಳು ಸಾಕುವ ಹವ್ಯಾಸ ಹೊರದೇಶಗಳಲ್ಲಿ ಬಹಳ ಕಾಲದಿಂದ ಇದೆ. ನಮ್ಮ ಪೇಟೆಗಳಿಗೂ ಬಂದಿದೆ, ತೋಟದ ಮನೆಗಳಿಗೂ ಕಾಲಿಟ್ಟಿದೆ. ಕೊಲ್ಲುವುದಕ್ಕಿಂತ ಕುತೂಹಲದಿಂದ ನೋಡುವುದು ಒಳ್ಳೆಯದೇ. ಆದರೆ ಯಾವ ಚೇಳು, ಹೇಗೆ, ಯಾರಿಗೆ ತಿಳಿಸಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಮನೆಯಲ್ಲಿ ಈ ಹವ್ಯಾಸ ಇರಕೂಡದೆಂಬುದು ನಮ್ಮ ಅಭಿಪ್ರಾಯ. ಇದನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮ ಅಂಗಳದಲ್ಲೇ ಕಲಿತೆವು.

ಕಳೆದ ಕೊಯ್ಲಿನ ಹೊತ್ತಿಗೆ ನಮ್ಮ ಮನೆಯ ಹುಡುಗನೊಬ್ಬ ಸೌದೆ ರಾಶಿಯ ಅಡಿಯಲ್ಲಿ ಸಿಕ್ಕ ಕರಿ ಚೇಳನ್ನು ಹಾರ್ಲಿಕ್ಸ್ ಶೀಶೆಗೆ ಹಾಕಿ ಮಂಚದ ಕೆಳಗಿಟ್ಟುಕೊಂಡಿದ್ದ. ನಮಗೆ ಗೊತ್ತಾದರೂ ಎರಡು ದಿನದ ಆಟವೆಂದು ಸುಮ್ಮನಿದ್ದೆವು. ಆಗ ನಮ್ಮ ಲೈನಿನಲ್ಲಿ ಸಂಡೂರು ತಾಲ್ಲೂಕಿನ ಕುರೆಕುಪ್ಪದಿಂದ ಕಾಫಿ ಕೊಯ್ಲಿಗೆ ಬಂದ ಒಂದು ಸಂಸಾರವಿತ್ತು. ತೋರಣಗಲ್ಲಿನ ಪಕ್ಕದ ಊರು ಅದು. ಸಂಕ್ರಾಂತಿಗೆ ಊರಿಗೆ ಹೋಗಿ ಮರಳಿದಾಗ ಅವರ ಮಗ ಸ್ನೇಹಿತನಿಗೆಂದು ಬೆಂಕಿಪೊಟ್ಟಣದಲ್ಲಿ ಉಡುಗೊರೆ ತಂದಿದ್ದ. "ನಿಂದು ಕರ್ರಗೈತಿ, ನಮ್ಮೂರಾಗಿನ ಕೆಂಪಂದು ತಂದೀನಿ ನೋಡು" ಎಂದು ಅವನು ಪೊಟ್ಟಣ ತೆರೆಯುವ ಹೊತ್ತಿಗೆ ಅವನ ತಾಯಿ ಕಂಡಳು. ಕೂಗುತ್ತ ಓಡಿಬಂದು ಪೊಟ್ಟಣವನ್ನು ಕಸಿದು ನೆಲಕ್ಕೆಸೆದು, ಕಾಲಿನ ಚಪ್ಪಲಿಯಿಂದ ಅದನ್ನು ಅರೆದೇಬಿಟ್ಟಳು. ಆಮೇಲೆ ನಮ್ಮ ಕಡೆ ತಿರುಗಿ, "ಕರೇದು ಕಡದ್ರ ಒಂದ್ ರಾತ್ರಿ ಅಳಸ್ತೈತ್ರಿ ಸಾವ್ಕಾರ್ರ, ಇದು ಕಡದ್ರ ಮನೀ ಮಂದಿನೆಲ್ಲ ಅಳಸ್ತೈತ್ರಿ" ಎಂದಳು.

ನಮಗೆ ನಾಚಿಕೆಯಾಯಿತು. ಆ ಹೆಣ್ಣುಮಗಳಿಗೆ ತಿಳಿದಿದ್ದ ಭೇದ, ನಲವತ್ತು ವರ್ಷ ತೋಟ ಮಾಡಿದ ನಮಗೆ ತಿಳಿದಿರಲಿಲ್ಲ. ಪೊಟ್ಟಣದೊಳಗಿನದು ಚಿಕ್ಕದು, ಸಣಕಲು, ಹಾಗಾಗಿ ನಿರುಪದ್ರವಿ ಎಂದೇ ನಾವೂ ಎಣಿಸಿದ್ದೆವು.

ಭೇದ ಇಷ್ಟು. ನಮ್ಮ ಮಲೆನಾಡಿನ ಕಲ್ಲು, ಕೊರಡು, ಸೌದೆಯ ಅಡಿ ಸಾಮಾನ್ಯವಾಗಿ ಕಾಣುವ ದೊಡ್ಡ ಕರಿ ಚೇಳಿಗೆ ಏಡಿಯಂತಹ ದಪ್ಪ ಕೊಂಡಿಗೈ, ಸಣ್ಣ ಬಾಲ. ನಾಲ್ಕೈದು ಅಂಗುಲ ಬೆಳೆದು ನೋಡಲು ಭಯಂಕರವಾಗಿದ್ದರೂ ಅದರ ಕುಟುಕು ನೋವು ಕೊಡುತ್ತದೆಯೇ ಹೊರತು ಜೀವ ತೆಗೆಯುವುದು ಬಲು ಅಪರೂಪ. ಬಯಲುಸೀಮೆಯ ಕೆಂಪು ಚೇಳು ಬೆಳೆದರೂ ಎರಡು ಮೂರು ಅಂಗುಲ. ಕೊಂಡಿಗೈ ಕಡ್ಡಿಯಂತೆ ಸಣ್ಣ, ಬಾಲ ಮಾತ್ರ ದಪ್ಪ. ಸಂಡೂರು ಕಡೆಯ ಕೆಂಪು ನೆಲದ ಮೇಲೆ ಅದು ಕಣ್ಣಿಗೆ ಬೀಳುವುದೇ ಕಷ್ಟ. ಭಾರತದ ಚೇಳುಗಳಲ್ಲೆಲ್ಲ ಅತ್ಯಂತ ಅಪಾಯಕಾರಿ ಇದೇ. ಕೈ ದಪ್ಪ, ಬಾಲ ಸಣ್ಣದಾದರೆ ವಿಷ ಕಡಿಮೆ. ಕೈ ಸಣ್ಣ, ಬಾಲ ದಪ್ಪವಾದರೆ ದೂರ ನಿಲ್ಲಬೇಕು. ಈ ಗುರುತು ಎಲ್ಲ ಚೇಳಿಗೂ ತಪ್ಪದೆ ಹೊಂದುತ್ತದೆಂದಲ್ಲ. ಆದರೆ ಮಕ್ಕಳಿಗೆ ಕಲಿಸಲು ಸಾಕು.

ಮಳೆ ಹೆಚ್ಚಿರುವ ನಮ್ಮಲ್ಲಿಗೆ ಕೆಂಪು ಚೇಳು ಬಾರದೆಂದು ನೆಚ್ಚಿ ಕೂರುವಂತಿಲ್ಲ. ಇಟ್ಟಿಗೆ, ಕಲ್ಲು, ಬಟ್ಟೆ ಗಂಟುಗಳ ಜೊತೆ ಬರಬಹುದು. ಮಳೆ ಸುರಿಯುವ ಕೊಂಕಣದಲ್ಲೂ ಅದು ಧಾರಾಳವಾಗಿದೆ. ಅದರ ವಿಷಕ್ಕೆ ಮದ್ದಿನ ದಾರಿ ತೋರಿದ್ದೂ ಅಲ್ಲಿಯೇ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡಿನ ವೈದ್ಯ ಹಿಮ್ಮತರಾವ್ ಬಾವಸ್ಕರ್ ಹಳ್ಳಿಯ ರೋಗಿಗಳ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತು, ಈ ವಿಷ ಹೃದಯವನ್ನು ಹೇಗೆ ಕೆಡಿಸುತ್ತದೆಂದು ಗಮನಿಸಿ 1982ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಬರೆದರು. ರಕ್ತದ ಒತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯನ್ನು ಬಳಕೆಗೆ ತಂದರು. ಅದಕ್ಕೆ ಮುಂಚೆ ವಿಷ ತೀವ್ರವಾಗಿ ಏರಿದವರಲ್ಲಿ ನೂರಕ್ಕೆ ಮೂವತ್ತರ ಸುಮಾರಿಗೆ ಸಾವು ಬರುತ್ತಿತ್ತು. ಆ ಮೇಲೆ ಅದು ಒಂದಂಕಿಗೆ ಇಳಿಯಿತು. ಮಾತ್ರೆಯ ಜೊತೆ ಚೇಳಿನ ವಿಷಕ್ಕೆಂದೇ ಇರುವ ಪ್ರತಿವಿಷವನ್ನೂ ಕೊಟ್ಟರೆ ಚೇತರಿಕೆ ಬೇಗ ಎಂದು 2011ರಲ್ಲಿ ತೋರಿಸಿದರು. 2022ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು.

ಮದ್ದು ಇದೆ, ಆದರೆ ಅದು ಹೊತ್ತಿಗೆ ಸಿಗಬೇಕು. ಕುಟುಕಿದ ಮೇಲೆ ವಾಂತಿ, ಮೈ ತೊಯ್ಯುವಷ್ಟು ಬೆವರು, ಬಾಯಲ್ಲಿ ನೀರು, ಕೈಕಾಲು ತಣ್ಣಗಾಗುವುದು ಕಂಡರೆ ವಿಷ ಒಳಗೆ ಕೆಲಸ ಮಾಡುತ್ತಿದೆ ಎಂದರ್ಥ. ಮಕ್ಕಳ ಮೈ ಚಿಕ್ಕದಾದ್ದರಿಂದ ಅವರಿಗೆ ಅಪಾಯ ಹೆಚ್ಚು. ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಹೀರುವುದು ಯಾವುದೂ ಬೇಡ. ಲಕ್ಷಣ ಕಾಣಲೆಂದು ಕಾಯದೆ, 108ಕ್ಕೆ ಕರೆ ಮಾಡಿ ಇಲ್ಲವೆ ಸಿಕ್ಕಿದ ಜೀಪಿನಲ್ಲಿ ಆಸ್ಪತ್ರೆಗೆ ಒಯ್ಯಬೇಕು.

ಇಲ್ಲಿ ಮಂತ್ರದ ಮಾತು ಬರುತ್ತದೆ. ನಮ್ಮ ಹಿರಿಯರಲ್ಲಿ ಚೇಳಿನ ಮಂತ್ರ ಬಲ್ಲವರಿದ್ದರು, ಅವರ ಬಗ್ಗೆ ನಮಗೆ ಅಗೌರವವಿಲ್ಲ. ಆದರೆ ಕರಿ ಚೇಳಿನ ಉರಿ ಕೆಲವು ಗಂಟೆಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿದ ಕೀರ್ತಿ ಮಂತ್ರಕ್ಕೆ ಸಲ್ಲುತ್ತದೆ. ಕೆಂಪು ಚೇಳಿನ ವಿಷಯದಲ್ಲಿ ಅದೇ ಗಂಟೆಗಳು ಜೀವದ ಬೆಲೆ ಬಾಳುತ್ತವೆ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿಯ ದಿನ ಜನ ಕೊಂಡಮ್ಮಾಯಿಯ ಬೆಟ್ಟದಲ್ಲಿ ಕಲ್ಲು ಎತ್ತಿ ಚೇಳು ಹಿಡಿದು ಕೈ, ಮುಖಗಳ ಮೇಲೆ ಬಿಟ್ಟುಕೊಳ್ಳುತ್ತಾರೆ. ಮಕ್ಕಳೂ ಹಿಡಿಯುತ್ತಾರೆ. ಅಂದು ಅದು ಕುಟುಕದೆಂದು ನಂಬಿಕೆ, ಕುಟುಕಿದರೆ ಭಂಡಾರ ಹಚ್ಚುತ್ತಾರೆ. ಆ ಊರಿನ ಭಕ್ತಿ ಆ ಊರಿನದು. ಅದನ್ನು ನೋಡಿ ಬಂದವರು ಮನೆಯಲ್ಲಿ ಅನುಕರಿಸುವುದು ಮಾತ್ರ ಬೇಡ.

ಇನ್ನು ಸಾಕುವ ವಿಚಾರ. ಬೇಡವೆಂದರೆ ಹುಡುಗರು ಬಚ್ಚಿಟ್ಟು ಸಾಕುತ್ತಾರೆ, ಆದ್ದರಿಂದ ಸರಿಯಾದ ಕ್ರಮವನ್ನು ಹೇಳುವುದೇ ಮೇಲು. ಕರಿ ಚೇಳನ್ನು ಮಾತ್ರ, ಒಂದನ್ನು ಮಾತ್ರ. ಎರಡನ್ನು ಒಟ್ಟಿಗೆ ಹಾಕಿದರೆ ಬಲವಾದದ್ದು ಇನ್ನೊಂದನ್ನು ತಿಂದೀತು. ಶೀಶೆ ಸಾಲದು, ಅಗಲವಾದ ಗಾಜಿನ ಪೆಟ್ಟಿಗೆ ಬೇಕು. ಗಾಳಿಗೆ ಸಣ್ಣ ತೂತುಗಳಿರುವ, ಚಿಲಕ ಹಾಕುವ ಮುಚ್ಚಳವಿರಲಿ. ನಯವಾದ ಗಾಜನ್ನು ಅದು ಹತ್ತಲಾರದು. ಆದರೆ ಮೂಲೆಯ ಅಂಟು, ಒರಗಿಸಿಟ್ಟ ಕಡ್ಡಿ ಸಿಕ್ಕರೆ ಹತ್ತಿ ಹೊರಬರುತ್ತದೆ. ತಳಕ್ಕೆ ಗೇಣಿನ ಅರ್ಧದಷ್ಟಾದರೂ ತೋಟದ ಮಣ್ಣು ಹಾಕಬೇಕು, ಬಿಲ ತೋಡುವುದು ಅದರ ಸ್ವಭಾವ. ಮೇಲೆ ಅಡಗಲು ತೊಗಟೆಯ ತುಂಡು ಇರಲಿ. ಮಣ್ಣು ತೇವವಾಗಿರಬೇಕು, ಕೆಸರಾಗಬಾರದು. ಬಿಸಿಲಿಗಿಟ್ಟರೆ ಗಾಜಿನೊಳಗೆ ಬೆಂದು ಸಾಯುತ್ತದೆ.

"ತಿನ್ನುತ್ತಿಲ್ಲ" ಎಂಬುದು ಸಾಕುವವರ ಮೊದಲ ಗೋಳು. ಬೆಳೆದ ಚೇಳಿಗೆ ವಾರಕ್ಕೋ ಹತ್ತು ದಿನಕ್ಕೋ ಒಂದು ಜಿರಳೆ ಅಥವಾ ಮಿಡತೆ ಸಾಕು. ತಿಂಗಳುಗಟ್ಟಲೆ ಉಪವಾಸ ತಡೆಯಬಲ್ಲ ಜೀವಿ ಅದು. ನೀರಿಗೆ ಮಾತ್ರ ಕೊರತೆಯಾಗಬಾರದು. ಬಾಟಲಿಯ ಮುಚ್ಚಳದಲ್ಲಿ ಒಂದು ಕಲ್ಲುಹರಳಿನೊಂದಿಗೆ ನೀರಿಟ್ಟರಾಯಿತು. ಔಷಧಿ ಹೊಡೆದ ಗಿಡದ ಹುಳುವನ್ನು ಕೊಡಬೇಡಿ. ತಿಂದು ಉಳಿದದ್ದನ್ನು ಮರುದಿನವೇ ಚಿಮಟದಿಂದ ತೆಗೆಯದಿದ್ದರೆ ಬೂಷ್ಟು ಬಂದು ನುಸಿ ಸೇರುತ್ತದೆ. ಎಳೆಯ ಚೇಳು ಮೈ ಮಂಕಾಗಿ, ಹೊಟ್ಟೆ ಉಬ್ಬಿ, ಆಹಾರ ಬಿಟ್ಟರೆ ಅದು ಕಾಯಿಲೆ ಇರಲಾರದು, ಪೊರೆ ಕಳಚುವ ಕಾಲವಿರಬಹುದು. ಆಗ ಮುಟ್ಟಬಾರದು, ಒಳಗೆ ಜೀವಂತ ಹುಳು ಬಿಡಬಾರದು. ಪೊರೆ ಬಿಟ್ಟ ಮೈ ಬೆಳ್ಳಗೆ, ಮೆತ್ತಗಿರುತ್ತದೆ, ಮಿಡತೆಯೂ ಅದನ್ನು ಕಚ್ಚಿ ಕೊಲ್ಲಬಲ್ಲುದು. ಚೇಳು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಬೆನ್ನ ಮೇಲೆ ಬಿಳಿಯ ಮರಿಗಳನ್ನು ಹೊತ್ತ ತಾಯನ್ನು ಕೆಣಕಿದರೆ ತನ್ನ ಮರಿಗಳನ್ನೇ ತಿನ್ನುವುದುಂಟು. ಮರಿಗಳು ಮೊದಲ ಪೊರೆ ಕಳಚಿ ತಾವೇ ಇಳಿಯುವವರೆಗೆ ಬಿಟ್ಟುಬಿಡಿ. ಕೈಯಲ್ಲಿ ಎತ್ತುವ ಶೌರ್ಯ ಎಂದಿಗೂ ಬೇಡ. ಚೇಳಿಗೆ ಒಡೆಯನ ಗುರುತಿಲ್ಲ.

ಕಾನೂನೂ ಇದೆ. ಪೇಟೆಯಲ್ಲಿ ಮಾರುವ ಆಫ್ರಿಕದ ಸಾಮ್ರಾಟ ಚೇಳು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿದೆ. 2022ರ ತಿದ್ದುಪಡಿಯ ನಂತರ ಅಂತಹ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು. ಕಾಯ್ದಿಟ್ಟ ಅರಣ್ಯದಿಂದ ಯಾವ ಜೀವಿಯನ್ನೂ ಹಿಡಿದು ತರುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಬಚ್ಚಿಡುವುದರ ಬಗ್ಗೆ. ಕಳ್ಳನಿಗೆ ಚೇಳು ಕಡಿದ ಹಾಗೆ ಎಂಬ ಗಾದೆ ನಮ್ಮಲ್ಲಿದೆ. ಬೈಗುಳಕ್ಕೆ ಹೆದರಿ ಮಂಚದ ಕೆಳಗೆ ಚೇಳಿಟ್ಟುಕೊಂಡ ಹುಡುಗ, ಅದು ಕುಟುಕಿದರೆ ಬಾಯಿ ಬಿಡುವುದಿಲ್ಲ. ಹೊದಿಕೆ ಎಳೆದುಕೊಂಡು ಮಲಗುತ್ತಾನೆ. ಚಿಕಿತ್ಸೆಗೆ ಸಲ್ಲಬೇಕಾದ ಹೊತ್ತು ಅಲ್ಲೇ ಕಳೆಯುತ್ತದೆ. ಆದ್ದರಿಂದ ಹಿರಿಯರು ಶೀಶೆ ಕಂಡಾಗ ಮೊದಲು ಗದರಿಸದೆ, ಕುಳಿತು ನೋಡಿ, ಯಾವ ಚೇಳೆಂದು ವಿಚಾರಿಸಬೇಕು. ನಾವು ಕಂಡೂ ಸುಮ್ಮನಿದ್ದೆವು. ಅದು ಗದರುವುದಕ್ಕಿಂತ ದೊಡ್ಡ ತಪ್ಪು.

ಲೈನಿನ ಮಕ್ಕಳನ್ನೂ ಮರೆಯಬಾರದು. ಗೋಡೆಯ ಬಿರುಕು ಮುಚ್ಚಿಸಿ, ಸೌದೆಯನ್ನು ಗೋಡೆಯಿಂದ ದೂರ ಒಟ್ಟಿಸಿ, ಗಂಬೂಟು ಕೊಡವಿ ಹಾಕಿಕೊಳ್ಳಲು ಹೇಳುವುದು ತೋಟದವರ ಕೆಲಸ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚನ್ನು ಕತ್ತಲಲ್ಲಿ ಹಾಯಿಸಿದರೆ ಚೇಳಿನ ಮೈ ಹಸಿರು ನೀಲಿಯಾಗಿ ಹೊಳೆಯುತ್ತದೆ. ಕಣದ ಅಂಚು, ಬಚ್ಚಲ ದಾರಿ ನೋಡಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಪ್ರಾಜೋಸಿನ್ ಮಾತ್ರೆಯೂ ಚೇಳಿನ ಪ್ರತಿವಿಷವೂ ಇವೆಯೇ ಎಂದು ಕೊಯ್ಲಿಗೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ನಮ್ಮ ಹುಡುಗನ ಕರಿ ಚೇಳು ಪೆಟ್ಟಿಗೆಗೆ ಬಡ್ತಿ ಪಡೆದು ಹೂಮಳೆಯವರೆಗೆ ನಮ್ಮ ಜಗಲಿಯಲ್ಲಿತ್ತು. ಕುರೆಕುಪ್ಪದ ಹುಡುಗನೂ ದಿನಾ ಸಂಜೆ ಬಂದು ನೋಡುತ್ತಿದ್ದ. ಮೊದಲ ಮಳೆ ಬಿದ್ದ ಸಂಜೆ ಇಬ್ಬರೂ ಸೇರಿ ಅದನ್ನು ತೋಟದ ಕಲ್ಲುಕಟ್ಟೆಯ ಬಳಿ ಬಿಟ್ಟುಬಂದರು. ಜಿರಳೆ, ಹುಳುಗಳನ್ನು ತಿಂದುಕೊಂಡು ಅದು ಅಲ್ಲಿರುವುದೇ ಚೆಂದ. ಸದಸ್ಯರ ಮನೆಯ ಮಕ್ಕಳು ಚೇಳು ನೋಡಲಿ, ಅದರ ಬದುಕು ತಿಳಿಯಲಿ. ಆದರೆ ಕೆಂಪು ಚೇಳು ಪೊಟ್ಟಣದಲ್ಲಿ ಬರುವ ಮುಂಚೆಯೇ ಅದರ ಗುರುತು ಅವರಿಗೆ ತಿಳಿದಿರಲಿ ಎಂಬುದು ನಮ್ಮ ಪ್ರಾರ್ಥನೆ.