ಮಣ್ಣಿನ ಜೀವಗಳೂ ಜೀವಗಳಲ್ಲವೇ?

ವಿಜ್ಞಾನವು ಈಚೆಗೆ ಕಂಡ ಸೂಕ್ಷ್ಮಜೀವಿಗಳನ್ನು ನಮ್ಮ ಆಗಮಗಳು ಎಂದೋ ಹೇಳಿದ್ದವೆಂದು ಸಭೆಗಳಲ್ಲಿ ಹೆಮ್ಮೆಯಿಂದ ಸಾರುತ್ತೇವೆ. ಹೆಮ್ಮೆಯಿಂದ ಜೀವದಯೆ ಆಗದು. ಗಡ್ಡೆಗೆಣಸುಗಳನ್ನು ತ್ಯಜಿಸಿ, ನೀರನ್ನು ಸೋಸಿ ಕುಡಿಯುವ ನಾವು, ಬಸದಿಯ ಜಮೀನಿಗೆ ಅಳತೆಯಿಲ್ಲದೆ ಯೂರಿಯಾ ಸುರಿಸುವಾಗ ಮಣ್ಣಿನೊಳಗಿನ ಜೀವಗಳನ್ನು ನೆನೆಯುತ್ತೇವೆಯೇ?

ಅವುಗಳ ಕಾರ್ಯವನ್ನು ನೋಡಿರಿ. ವಾಯುವಿನಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಅದರ ಪರಮಾಣುಗಳ ಬಂಧ ಅತಿ ದೃಢ. ಸಸ್ಯಗಳು ಅದನ್ನು ನೇರವಾಗಿ ಬಳಸಲಾರವು. ತೊಗರಿ, ಕಡಲೆ, ಹೆಸರುಗಳ ಬೇರುಗಂಟುಗಳಲ್ಲಿ ನೆಲೆಸಿದ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಗಳು ಆ ಬಂಧವನ್ನು ಬಿಡಿಸಿ ಅಮೋನಿಯವನ್ನು ಒದಗಿಸುತ್ತವೆ. ಪ್ರತಿಯಾಗಿ ಸಸ್ಯವು ಅವಕ್ಕೆ ಸಕ್ಕರೆಯ ಅಂಶವನ್ನು ಕೊಡುತ್ತದೆ. ಹಾಲೆಂಡಿನ ವಿಜ್ಞಾನಿ ಬೈಯರಿಂಕ್ 1888ರಲ್ಲಿ ಇವುಗಳನ್ನು ಬೇರ್ಪಡಿಸಿ ತೋರಿಸಿದನು. ಇದೇ ಕಾರ್ಯಕ್ಕೆ ಕಾರ್ಖಾನೆಯಲ್ಲಿ ಸುಮಾರು 400 ಡಿಗ್ರಿ ಶಾಖವೂ ವಾಯುಮಂಡಲದ ನೂರು ಪಟ್ಟಿಗೂ ಮಿಗಿಲಾದ ಒತ್ತಡವೂ ಬೇಕು. ಮಣ್ಣಿನ ಬೇರೆ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಇನ್ನು ಕೆಲವು ನೈಟ್ರೇಟಿನಿಂದ ಸಾರಜನಕವನ್ನು ಬಿಡಿಸಿ ವಾಯುವಿಗೆ ಮರಳಿಸುತ್ತವೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹೇಳಿದ ಜೀವಗಳ ಪರಸ್ಪರ ಉಪಕಾರಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಯಾವುದು? ನಾವು ನಿತ್ಯ ಉಣ್ಣುವ ಬೇಳೆಯೇ ಈ ಉಪಕಾರದ ಫಲ.

ಯೂರಿಯಾ ಸ್ವತಃ ವಿಷವಲ್ಲ, ಅತಿಯೇ ದೋಷ. ಸಾರಜನಕ ಧಾರಾಳವಾಗಿ ದೊರೆತರೆ ದ್ವಿದಳ ಸಸ್ಯವು ಬೇರುಗಂಟುಗಳನ್ನು ಕಟ್ಟುವುದು ಕುಂದುತ್ತದೆ. ಬೆಳೆ ಹೀರದೆ ಬಿಟ್ಟ ನೈಟ್ರೇಟು ಬಾವಿಗೆ ಇಳಿಯುತ್ತದೆ. ಅಂಥ ನೀರು ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಗ್ಗಿಸಬಲ್ಲದು. ಎಷ್ಟು ಮಡಿಕೆಯ ಬಟ್ಟೆಯಲ್ಲಿ ಸೋಸಿದರೂ ನೈಟ್ರೇಟು ನಿಲ್ಲದು!

ಬೇಸಾಯವೇ ಹಿಂಸೆಯಾದಾಗ ಇಷ್ಟೊಂದು ವಿಚಾರವೇಕೆ ಎಂದು ಕೆಲವರು ಕೇಳಬಹುದು. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಅನಿವಾರ್ಯ, ನಿಜ. ಆದರೆ ಅನಿವಾರ್ಯವಾದುದನ್ನು ಮಿತಗೊಳಿಸುವುದಕ್ಕಾಗಿಯೇ ಅಣುವ್ರತಗಳಿವೆ. ವ್ಯಾಪಾರದಲ್ಲಿ ನಷ್ಟ ತಪ್ಪದೆಂದು ಯಾವ ವರ್ತಕನೂ ಲೆಕ್ಕ ಬರೆಯುವುದನ್ನು ಬಿಡುವುದಿಲ್ಲ.

ಆದುದರಿಂದ ಜಮೀನುಳ್ಳ ಬಸದಿಗಳ ಟ್ರಸ್ಟಿಗಳಲ್ಲಿಯೂ ಬೇಸಾಯನಿರತ ಶ್ರಾವಕ ಕುಟುಂಬಗಳಲ್ಲಿಯೂ ನನ್ನ ಆಗ್ರಹವಿದು: ಮಣ್ಣನ್ನು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಗೊಬ್ಬರ ಹಾಕಿಸಿರಿ. ಜೋಳ, ಭತ್ತಗಳ ಸರದಿಯಲ್ಲಿ ದ್ವಿದಳ ಬೆಳೆಯನ್ನು ಸೇರಿಸಿರಿ. ಅದರ ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತಿಸಿರಿ. ವಾರ್ಷಿಕ ಸಭೆಯಲ್ಲಿ ಪೂಜೆ, ಅಭಿಷೇಕಗಳ ಜಮಾಖರ್ಚನ್ನು ಓದುವಾಗ ಜಮೀನಿಗೆ ಹಾಕಿದ ಗೊಬ್ಬರದ ಲೆಕ್ಕವನ್ನೂ ಓದಿರಿ. ಆ ಲೆಕ್ಕವನ್ನು ಕೇಳುವುದು ಪ್ರತಿಯೊಬ್ಬ ಶ್ರಾವಕನ ಕರ್ತವ್ಯ.