ಬೀ ಪಾಸಿಟಿವ್ ಅಂದ್ರೆ ಲೆಕ್ಕ ಬರುತ್ತಾ?

ಈಗಿನ ಸ್ಕೂಲುಗಳ ಗೋಡೆ ನೋಡಿದ್ದೀರಾ? ಎಲ್ಲಿ ನೋಡಿದರೂ 'ಬೀ ಪಾಸಿಟಿವ್', 'ಯೂ ಕ್ಯಾನ್ ಡೂ ಇಟ್'. ಬೆಳಗ್ಗೆ ಪ್ರಾರ್ಥನೆ ಹೊತ್ತಲ್ಲಿ ಮಕ್ಕಳಿಂದ ಅದನ್ನೇ ಗಟ್ಟಿಯಾಗಿ ಹೇಳಿಸೋದು ಬೇರೆ. ಭಿನ್ನರಾಶಿ ತಲೆಗೆ ಹತ್ತದೆ ಕೂತ ಹುಡುಗನಿಗೂ ಅದೇ ಮಂತ್ರ. ಅಲ್ಲಾ ಸ್ವಾಮಿ, ಅವನಿಗೆ ಬೇಕಾಗಿರೋದು ಪಾಸಿಟಿವ್ ಥಿಂಕಿಂಗೋ, ಛೇದ ಸಮ ಮಾಡೋದನ್ನ ಇನ್ನೊಂದು ಸಲ ಹೇಳಿಕೊಡೋ ಮೇಷ್ಟ್ರೋ?

ಆಶಾವಾದ ಕಲಿಸಲೇಬಾರದು ಅನ್ನೋದು ನನ್ನ ವಾದ ಅಲ್ಲ. ಕಲಿಸೋ ರೀತಿ ಬಗ್ಗೆ ನನ್ನ ತಕರಾರು. ಈ ವಿಷಯ ಬಂದಾಗೆಲ್ಲ ಕೇಳಿಬರುವ ಹೆಸರು ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್. 1967ರಲ್ಲಿ ಆತ ಸ್ಟೀವನ್ ಮೇಯರ್ ಜೊತೆ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದ. (ಕ್ರೂರವಾದದ್ದೇ, ಇವತ್ತಾಗಿದ್ದರೆ ಯಾರೂ ಬಿಡುತ್ತಿರಲಿಲ್ಲ.) ಎರಡು ಗುಂಪಿಗೂ ಒಂದೇ ಥರ ಶಾಕ್. ಒಂದು ಗುಂಪು ತಲೆಯಿಂದ ಹಲಗೆ ಒತ್ತಿ ಶಾಕ್ ನಿಲ್ಲಿಸಬಹುದಿತ್ತು, ಇನ್ನೊಂದು ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ, ತಡೆ ಹಾರಿದರೆ ತಪ್ಪಿಸಿಕೊಳ್ಳಬಹುದು ಅನ್ನುವಂಥ ಪೆಟ್ಟಿಗೆಗೆ ಬಿಟ್ಟರು. ಮೊದಲಿನವು ಹಾರಿದವು. ಎರಡನೇ ಗುಂಪಿನ ಬಹಳಷ್ಟು ನಾಯಿಗಳು ಅಲ್ಲೇ ಮಲಗಿಬಿಟ್ಟವು. ಹಾರಿದ ನಾಯಿಗಳಿಗೆ ಯಾರೂ ಸ್ಲೋಗನ್ ಹೇಳಿಕೊಟ್ಟಿರಲಿಲ್ಲ. ತಾವು ಒತ್ತಿದರೆ ಏನೋ ಬದಲಾಗುತ್ತೆ ಅನ್ನೋದು ಅವಕ್ಕೆ ಅನುಭವಕ್ಕೆ ಬಂದಿತ್ತು, ಅಷ್ಟೆ.

1995ರಲ್ಲಿ ಮಕ್ಕಳ ಆಶಾವಾದದ ಬಗ್ಗೆಯೇ ಪುಸ್ತಕ ಬರೆದಾಗಲೂ ಆತ ಘೋಷಣೆ ಕೂಗಿಸಿ ಅನ್ನಲಿಲ್ಲ. 'ನಾನು ದಡ್ಡ' ಅನಿಸಿತಾ, ಅದಕ್ಕೆ ಪುರಾವೆ ಹುಡುಕು, ಬೇರೆ ಕಾರಣ ಇರಬಹುದಾ ನೋಡು ಅಂದ. ನಮ್ಮ ಭಾಷೆಯಲ್ಲಿ ಡಿಬಗ್ಗಿಂಗ್! ಸರ್ವರ್ ಬಿದ್ದಾಗ ನಾವು ಲಾಗ್ ನೋಡ್ತೀವೋ, ಸುತ್ತ ನಿಂತು ಚಪ್ಪಾಳೆ ಹೊಡೀತೀವೋ?

ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ 8ನೇ ಕ್ಲಾಸಿನವರೆಗೆ ಹ್ಯಾಪಿನೆಸ್ ಪೀರಿಯಡ್ ಶುರುವಾಯ್ತು. ಅದಕ್ಕೆ ಪರೀಕ್ಷೆ ಇರಲಿಲ್ಲ, ಒಳ್ಳೇದೇ. ಆದ್ರೆ ಮುಂದಿನ ಪೀರಿಯಡ್ಡಿನಲ್ಲಿ ಪ್ರಶ್ನೆ ಕೇಳಿದ ಮಗುವಿಗೆ 'ಸುಮ್ನೆ ಕೂತ್ಕೋ' ಅಂದರೆ ಆ ಖುಷಿ ಎಷ್ಟು ಹೊತ್ತು ಉಳಿಯುತ್ತೆ?

ನಮ್ಮೂರ ಕಡೆ ಮಳೆ ನಂಬಿ ರಾಗಿ ಹಾಕೋರು ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುತ್ತಾರೆ. ರಾಗಿ ಕೈಕೊಟ್ಟರೆ ಅವರೆಯಾದ್ರೂ ಬರಲಿ ಅಂತ. ರಾಗಿ ಕೈಕೊಡಬಹುದು ಅಂತ ಬಾಯಿಬಿಟ್ಟು ಹೇಳೋ ಈ ಜನರನ್ನ ನಮ್ಮ ಮೋಟಿವೇಶನ್ ಸ್ಪೀಕರುಗಳು ನೆಗೆಟಿವ್ ಅಂತಾರೇನೋ! ಆದ್ರೂ ವರ್ಷಾವರ್ಷ ಬಿತ್ತೋರು ಅವರೇ.

ಮುಂದಿನ ಪೇರೆಂಟ್ಸ್ ಮೀಟಿಂಗಿಗೆ ಹೋದಾಗ ಗೋಡೆ ಬರಹ ಓದಿ ಖುಷಿಪಡೋ ಬದಲು ಒಂದು ಪ್ರಶ್ನೆ ಕೇಳಿ. ಕಡಿಮೆ ಮಾರ್ಕ್ಸ್ ಬಂದ ಪೇಪರನ್ನ ಮಗು ಮನೇಲಿ ತಿದ್ದಿ ಮತ್ತೆ ತಂದರೆ, ಅದನ್ನ ಯಾರಾದ್ರೂ ನೋಡ್ತಾರಾ?