ನೋಯುವ ಮೊದಲೇ ಹಲ್ಲು ತೋರಿಸೋಣ



'ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ' ಎಂಬ ಗಾದೆ ಮುದುಕರಿಗೆ ಹೇಳಿದ್ದು ಅಂತ ನಾವು ತಿಳಿದಿದ್ದೇವೆ. ನಾನಿನ್ನೂ 8ನೇ ತರಗತಿ. ಆದರೂ ಕೆಳಗೆ ಎಡಗಡೆ ನನಗೊಂದು ದವಡೆ ಹಲ್ಲಿಲ್ಲ. ಅದು ಹೇಗೆ ಹೋಯಿತು ಅಂತ ಹೇಳಿದರೆ ನಿಮಗೆ ಉಪಯೋಗವಾದೀತು.

ನಾನು 4ನೇ ತರಗತಿಯಲ್ಲಿದ್ದಾಗ ಶಾಲೆಗೆ ಬಂದ ಆರೋಗ್ಯ ತಂಡದವರು ಬಾಯಿಗೆ ಟಾರ್ಚ್ ಬಿಟ್ಟು ನೋಡಿ, "ಹಿಂದಿನ ಹಲ್ಲು ಹುಳುಕಾಗಿದೆ, ತಾಲ್ಲೂಕು ಆಸ್ಪತ್ರೆಗೆ ಹೋಗಿ" ಎಂದು ಚೀಟಿ ಬರೆದುಕೊಟ್ಟರು. ನೋವೇನೂ ಇರಲಿಲ್ಲ. ಕೀಳ್ತಾರೆ ಅಂತ ಹೆದರಿ ಎರಡು ದಿನ ಚೀಟಿಯನ್ನು ಚೀಲದಲ್ಲೇ ಇಟ್ಟುಕೊಂಡೆ. ಕೊನೆಗೆ ತೋರಿಸಿದಾಗ ಅಪ್ಪಯ್ಯ, "ಅದು ಹಾಲುಹಲ್ಲು ಮಗಾ, ಬಿದ್ದು ಬೇರೆ ಬತ್ತದೆ, ಎಂತದೂ ಆಗಲ್ಲ" ಅಂದರು. ನನಗೂ ಅದೇ ಬೇಕಾಗಿತ್ತು. ಮುಂದಿನ ಹಲ್ಲು ಬಿದ್ದಾಗ ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆದಿದ್ದೆ, ಬೇರೆ ಬಂದಿತ್ತಲ್ಲ!

ಎರಡು ವರ್ಷದ ನಂತರ ಮಳೆಗಾಲದ ಒಂದು ರಾತ್ರಿ ಕೆನ್ನೆ ಬಾತುಕೊಂಡಿತು. ಲವಂಗ ಇಟ್ಟರೂ ನೋವು ನಿಲ್ಲಲಿಲ್ಲ. ಅಮ್ಮ ರಾತ್ರಿಯಿಡೀ ಕೂತಿದ್ದರು. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆವು. ಹಲ್ಲನ್ನು ಕೀಳಲೇಬೇಕಾಯಿತು. ಡಾಕ್ಟರು ಹೇಳಿದ್ದು ಕೇಳಿ ಅಪ್ಪಯ್ಯ ಸುಮ್ಮನಾಗಿಬಿಟ್ಟರು. ಅದು ಹಾಲುಹಲ್ಲೇ ಅಲ್ಲ!

ಹಾಲುಹಲ್ಲು ಒಟ್ಟು 20. ಸುಮಾರು 6 ವರ್ಷಕ್ಕೆ ಅವುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ನಾಲ್ಕು ದವಡೆ ಹಲ್ಲು ಹೊಸದಾಗಿ ಹುಟ್ಟುತ್ತವೆ. ಹಲ್ಲು ಬೀಳಲಿಲ್ಲವಲ್ಲ, ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತಾಗೋದಿಲ್ಲ. ಅವು ಹೋದರೆ ಮತ್ತೆ ಬರುವುದಿಲ್ಲ. ಕನ್ನಡಿ ಮುಂದೆ ನಿಂತು ನಡುವಿನಿಂದ ಹಿಂದಕ್ಕೆ ಎಣಿಸಿ. ಹಲ್ಲೆಲ್ಲ ಸಾಲಾಗಿದ್ದರೆ 6ನೆಯದೇ ಅದು.

ಹಲ್ಲಿನಲ್ಲಿ ಹುಳ ಇರುತ್ತೆ ಅಂತಾರೆ. ಹುಳ ಇಲ್ಲ. ಸಿಹಿ ತಿಂದಾಗ ಬಾಯಲ್ಲಿರುವ ಸೂಕ್ಷ್ಮಜೀವಿಗಳು ಆಮ್ಲ ಮಾಡುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಹಲ್ಲಿನ ಹೊರಪದರಕ್ಕೆ ನರ ಇಲ್ಲ. ಆದ್ದರಿಂದ ತೂತು ಬೀಳುವಾಗ ನೋಯೋದಿಲ್ಲ. ನೋವು ಬರುವ ಹೊತ್ತಿಗೆ ಹುಳುಕು ಒಳಗೆ ಇಳಿದಿರುತ್ತದೆ. ಮೊದಲೇ ಹೋಗಿದ್ದರೆ ತುಂಬಿಸಿ ಉಳಿಸಬಹುದಿತ್ತು.

"ನಾವು ಮಾವಿನೆಲೆಯಲ್ಲಿ ತಿಕ್ಕಿದೋರು, ಡಾಕ್ಟರ ಮುಖ ನೋಡಿಲ್ಲ" ಅನ್ನುತ್ತಾರೆ ಅಜ್ಜ. ಆದರೆ ಅವರ ಕಾಲದಲ್ಲಿ ಶಾಲೆ ಪಕ್ಕದ ಅಂಗಡಿಯಲ್ಲಿ ಬಣ್ಣಬಣ್ಣದ ಚಾಕಲೇಟು ನೇತಾಡುತ್ತಿರಲಿಲ್ಲ. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಹೋಗುತ್ತೆ ಅನ್ನುವುದು ಮಾತ್ರ ನಿಜವಾದ ಕಷ್ಟ. ನಮ್ಮ ಮನೆಯಲ್ಲೂ ಇತ್ತು. ಆದರೆ ಒಂದು ಸಲ ಹೋಗಿ ಮುಗಿಯಬೇಕಿದ್ದದ್ದಕ್ಕೆ ನಾವು ಕೊನೆಗೆ ಮೂರು ಸಲ ಹೋದೆವು, ಹಲ್ಲೂ ಹೋಯಿತು.

ಸಾಗರ, ಹೊಸನಗರ, ತೀರ್ಥಹಳ್ಳಿಯ ತೋಟದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಅಡಿಕೆಗೆ ಕೊಳೆ ಹತ್ತಿ ಉದುರಿದ ಮೇಲೆ ಯಾರಾದರೂ ಔಷಧಿ ಹೊಡೆಯುತ್ತಾರೆಯೇ? ಮಳೆ ಹಿಡಿಯುವ ಮೊದಲೇ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತಾರೆ. ಗೊನೆಗೆ ಇರುವ ಕಾಳಜಿ ಮಕ್ಕಳ ಹಲ್ಲಿಗೂ ಇರಲಿ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲೆಗೆ ವರ್ಷಕ್ಕೊಮ್ಮೆ ಬಂದು ಹಲ್ಲನ್ನೂ ನೋಡಬೇಕೆಂದಿದೆ. ಅವರು ನೋಡಿದರೆ ಸಾಲದು, ಚೀಟಿ ಮನೆ ಮುಟ್ಟಬೇಕು. ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ: ಚೀಟಿ ಸಿಕ್ಕವರ ಹೆಸರನ್ನು ಪುಸ್ತಕದಲ್ಲಿ ಬರೆದಿಟ್ಟು, ಪೋಷಕರ ಸಭೆಯಲ್ಲಿ ತಿಳಿಸಿ, ಒಂದು ತಿಂಗಳ ನಂತರ "ಹೋದಿರಾ?" ಅಂತ ಕೇಳಿ. ಸ್ನೇಹಿತರೇ, ರಾತ್ರಿ ಉಂಡ ಮೇಲೂ ಹಲ್ಲುಜ್ಜಿ. ಚೀಟಿ ಸಿಕ್ಕರೆ ನನ್ನ ಹಾಗೆ ಚೀಲದಲ್ಲಿ ಇಟ್ಟುಕೊಳ್ಳಬೇಡಿ.

ನನ್ನ ತಂಗಿ ಈಗ 1ನೇ ತರಗತಿ. ಮೊನ್ನೆ ಅವಳ ಬಾಯಿ ತೆರೆಸಿ ಎಣಿಸಿದೆ. 6ನೆಯದು ಆಗಲೇ ಮೊಳೆತಿದೆ. ಅದನ್ನಾದರೂ ಉಳಿಸಿಕೊಳ್ಳುತ್ತೇವೆ.

— 8ನೇ ತರಗತಿಯ ಒಬ್ಬ ವಿದ್ಯಾರ್ಥಿನಿ